ಕೊಲೆಗಾರ ಯಾರು ಎಂಬ ಪ್ರಶ್ನೆ, ಯಾರಾದರೂ ಸರಿ ಎಂಬ ಅವಸರ

‘ಅಲ್ಲ, ಹಂಗಾದ್ರೆ ಕೊಲೆ ಮಾಡಿದ್ದು ಯಾರು?’

ದಕ್ಷಿಣ ಕೊರಿಯಾದ ನಿರ್ದೇಶಕ ಬಾಂಗ್ ಜೂನ್ ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’ ನೋಡಿ ಮುಗಿಸಿದವರ ಬಾಯಿಂದ ಮೊದಲು ಬರುವ ಮಾತು ಇದೇ. 2003ರಲ್ಲಿ ತೆರೆಕಂಡ ಚಿತ್ರ. ಇದೇ ನಿರ್ದೇಶಕರ ‘ಪ್ಯಾರಾಸೈಟ್’ 2020ರಲ್ಲಿ ನಾಲ್ಕು ಆಸ್ಕರ್ ಗೆದ್ದ ಮೇಲೆ ನಮ್ಮ ಕಡೆಯ ಹುಡುಗರು ಇದನ್ನೂ ಹುಡುಕಿ ನೋಡತೊಡಗಿದರು. ಶಿವಮೊಗ್ಗದ ದುರ್ಗಿಗುಡಿಯ ಪಿಜಿಗಳಲ್ಲಿ, ಶಂಕರಘಟ್ಟದ ಹಾಸ್ಟೆಲ್ ಕೋಣೆಗಳಲ್ಲಿ, ಭದ್ರಾವತಿಯ ನ್ಯೂಟೌನ್ ಕ್ವಾರ್ಟರ್ಸಿನ ಮನೆಗಳಲ್ಲಿ ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡಿದವರಿದ್ದಾರೆ. ಇಂಗ್ಲಿಷ್ ಅಷ್ಟಾಗಿ ಬಾರದವರು ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಕಥೆ ಬಿಡಿಸಿ ಹೇಳುವವರಿಂದ ಕೇಳಿ, ಆಮೇಲೆ ಚಿತ್ರ ನೋಡಿದ್ದಾರೆ. ಅವರಲ್ಲಿ ಹಲವರೊಂದಿಗೆ ನಾನು ಮಾತಾಡಿದ್ದೇನೆ, ಕೆಲವರ ಜೊತೆ ಕೂತು ನೋಡಿದ್ದೇನೆ. ಅವರೆಲ್ಲ ಹೇಳಿದ್ದನ್ನು ಒಟ್ಟಿಗಿಟ್ಟು ಯೋಚಿಸಿದಾಗ ಸಿನಿಮಾಕ್ಕಿಂತ ದೊಡ್ಡದೊಂದು ವಿಷಯ ಕಣ್ಣಿಗೆ ಬಿತ್ತು. ಅದನ್ನು ಹೇಳಲೆಂದೇ ಈ ವಾರದ ಅಂಕಣ.

ಕಥೆ ಹೀಗಿದೆ. 1986. ಸೋಲ್ ನಗರದಿಂದ ತುಸು ದೂರದ ಒಂದು ಗ್ರಾಮೀಣ ಪ್ರದೇಶ. ಗದ್ದೆ ಬದಿಯ ಮೋರಿಯಲ್ಲಿ ಹೆಣ್ಣುಮಗಳೊಬ್ಬಳ ಶವ ಸಿಗುತ್ತದೆ. ಸ್ವಲ್ಪ ದಿನಕ್ಕೆ ಇನ್ನೊಂದು. ಮಳೆ ಬಂದ ರಾತ್ರಿಗಳಲ್ಲಿ ಕೊಲೆ ನಡೆಯುತ್ತಿದೆ ಎಂಬುದು ನಿಧಾನಕ್ಕೆ ತಿಳಿಯುತ್ತದೆ. ಪಾರ್ಕ್ ಎಂಬ ಊರಿನ ಪತ್ತೇದಾರ ಇದ್ದಾನೆ. ಎದುರಿಗಿರುವವನ ಕಣ್ಣು ನೋಡಿದರೆ ಸಾಕು, ಕಳ್ಳನೋ ಸಾಚಾನೋ ಹೇಳಿಬಿಡುತ್ತೇನೆ ಎನ್ನುವವನು. ಸೋಲ್‌ನಿಂದ ಸಿಯೋ ಎಂಬ ಇನ್ನೊಬ್ಬ ಬರುತ್ತಾನೆ. ಅವನಿಗೆ ಕಡತ, ದಾಖಲೆಗಳ ಮೇಲೆ ನಂಬಿಕೆ. ಒಬ್ಬನಾದ ಮೇಲೊಬ್ಬ ಶಂಕಿತ ಸಿಗುತ್ತಾನೆ, ಜಾರುತ್ತಾನೆ. ಚಿತ್ರ ಮುಗಿಯುತ್ತದೆ. ಕೊಲೆಗಾರ ಸಿಗುವುದಿಲ್ಲ.

ಇಲ್ಲಿ ಪ್ರೇಕ್ಷಕರು ಎರಡು ಪಾಲಾಗುತ್ತಾರೆ. ‘ಎರಡು ಗಂಟೆ ಕೂರಿಸಿ ಕೊನೆಗೆ ಕೈ ಎತ್ತಿಬಿಟ್ಟರು’ ಎಂದು ಸಿಟ್ಟಾಗುವವರು ಒಂದು ಕಡೆ. ರಾತ್ರಿಯಿಡೀ ನಿದ್ದೆ ಬರಲಿಲ್ಲ, ಯಾರಿರಬಹುದೆಂದು ಮತ್ತೆ ಮೊದಲಿನಿಂದ ನೋಡಿದೆವು ಎನ್ನುವವರು ಇನ್ನೊಂದು ಕಡೆ. ಆದರೆ ಮೂರನೆಯ ಒಂದು ಮಾತು ಈ ಎರಡೂ ಕಡೆಯವರಿಂದ ಬಂತು: ‘ಆ ಬಿಳಿಚಿಕೊಂಡವನು ಇದ್ನಲ್ಲ, ಫ್ಯಾಕ್ಟರಿಯವನು, ಅವನೇ. ಇನ್ನು ನಾಲ್ಕು ಬಾರಿಸಿದ್ರೆ ಬಾಯಿ ಬಿಡ್ತಿದ್ದ.’ ಹೇಳಿದವರಲ್ಲಿ ಕಾಲೇಜು ಹುಡುಗಿಯರಿದ್ದರು, ನಿವೃತ್ತ ಮೇಷ್ಟ್ರೊಬ್ಬರಿದ್ದರು. ಇರುವೆ ಮೆಟ್ಟಲೂ ಮನಸ್ಸು ಬಾರದ ಜನ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಭದ್ರಾವತಿಯ ಹಿರಿಯರು ಈ ಚಿತ್ರ ನೋಡುವ ಬಗೆಯೇ ಬೇರೆ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರು ಕಥೆಗಿಂತ ಜಾಗವನ್ನೇ ನೋಡುತ್ತಿದ್ದರು. ತೆನೆ ತುಂಬಿದ ಗದ್ದೆ, ಅದರ ಬದಿಯ ಕಾಲುವೆ, ದೂರದಲ್ಲಿ ಕಾರ್ಖಾನೆ, ನಡುವೆ ರೈಲು ಹಳಿ, ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಬರುವ ಜನ. ‘ಇದು ನಮ್ಮೂರೇ ಕಣ್ರೀ’ ಎಂದರು. ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು ಭದ್ರಾವತಿ. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. 1980ರ ದಶಕದಲ್ಲಿ ಎರಡೂ ಕಡೆ ಮೂರು ಪಾಳಿಯ ಕೆಲಸ. ಕಾರ್ಖಾನೆಯ ಗೇಟು ದಾಟಿ ಸ್ವಲ್ಪ ದೂರ ಹೋದರೆ ಭದ್ರಾ ನಾಲೆಯ ಅಚ್ಚುಕಟ್ಟು, ಗದ್ದೆ ಬಯಲು. ಈಗ ಗದ್ದೆಯ ಜಾಗವನ್ನು ಅಡಿಕೆ ತೋಟಗಳು ಆವರಿಸಿವೆ, ಕಾಗದದ ಕಾರ್ಖಾನೆ ನಿಂತುಹೋಗಿದೆ. ಆದರೆ ಹಳ್ಳಿಯೂ ಅಲ್ಲದ, ಪಟ್ಟಣವೂ ಪೂರ್ತಿ ಆಗಿರದ ಆ ಸ್ಥಿತಿ ಅವರಿಗೆ ಚೆನ್ನಾಗಿ ಗೊತ್ತು. ಎಲ್ಲರಿಗೂ ಎಲ್ಲರೂ ಗೊತ್ತಿದ್ದ ಊರಿಗೆ ಗುರುತಿಲ್ಲದ ನೂರಾರು ಮಂದಿ ಕೆಲಸಕ್ಕೆ ಬಂದು ಸೇರುವ ಕಾಲ ಅದು. ಊರಿನ ಹಳೆಯ ಪೊಲೀಸ್ ವಿದ್ಯೆ, ಅಂದರೆ ಇಂಥ ಕೆಲಸ ಇಂಥವನದ್ದೇ ಎಂದು ಕೂತಲ್ಲೇ ಹೇಳುವುದು, ಅಲ್ಲಿಂದಾಚೆ ನಡೆಯುವುದಿಲ್ಲ. ಪಾರ್ಕ್ ಸೋಲುವುದು ಅಲ್ಲೇ.

ಭಾಷೆ ತಿಳಿಯದ ಚಿತ್ರವನ್ನು ನಮ್ಮ ಜಿಲ್ಲೆಯ ಜನ ಹೀಗೆ ತಮ್ಮ ಊರಿನ ಚಿತ್ರವಾಗಿ ನೋಡುವುದು ಹೊಸತೇನಲ್ಲ. 1970ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಹೊರದೇಶಗಳ ಶ್ರೇಷ್ಠ ಚಿತ್ರಗಳನ್ನು ತಂದು ತೋರಿಸಿತು. ಕೃಷಿಕರು, ಕೂಲಿ ಮಾಡುವವರು ಕೂತು ನೋಡಿ ಚರ್ಚೆ ಮಾಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂಬ ಅನುಮಾನಕ್ಕೆ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಕೊಟ್ಟ ಉತ್ತರ ಆ ಪ್ರೇಕ್ಷಕರೇ ಆಗಿದ್ದರು. ಆದ್ದರಿಂದ ಇಂದಿನ ಪ್ರೇಕ್ಷಕ ಏನು ಹೇಳುತ್ತಾನೆ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಚಿತ್ರದ ಆರಂಭದಲ್ಲೇ ಒಂದು ದೃಶ್ಯವಿದೆ. ಎರಡನೆಯ ಶವ ಸಿಕ್ಕ ಗದ್ದೆ. ಪಾರ್ಕ್ ಬಂದು ನೋಡಿದರೆ ಜಾತ್ರೆಯ ಹಾಗೆ ಜನ. ಮಕ್ಕಳು ಓಡಾಡುತ್ತಿವೆ. ಯಾರು ಪೊಲೀಸರು, ಯಾರು ಊರವರು ತಿಳಿಯುವುದಿಲ್ಲ. ಏರಿಯಿಂದ ಇಳಿಯುವ ಅಧಿಕಾರಿಗಳು ಕಾಲು ಜಾರಿ ಬೀಳುತ್ತಾರೆ. ಮಣ್ಣು ದಾರಿಯಲ್ಲಿ ಒಂದು ಹೆಜ್ಜೆ ಗುರುತು ಸ್ಪಷ್ಟವಾಗಿ ಉಳಿದಿದೆ. ಪಾರ್ಕ್ ಅದರ ಸುತ್ತ ಗೆರೆ ಎಳೆದು, ಯಾರೂ ಮೆಟ್ಟಬೇಡಿ ಎಂದು ಕೂಗುತ್ತಾನೆ. ಅಷ್ಟರಲ್ಲಿ ದಾರಿಯಲ್ಲಿ ಬಂದ ಟ್ರ್ಯಾಕ್ಟರ್ ಅದರ ಮೇಲೇ ಹಾದು ಹೋಗುತ್ತದೆ. ಇಡೀ ದೃಶ್ಯವನ್ನು ಬಾಂಗ್ ಒಂದೇ ಓಟದಲ್ಲಿ, ಕತ್ತರಿಸದೆ ತೋರಿಸುತ್ತಾರೆ. ಹುಡುಗರು ಇಲ್ಲಿ ನಗುತ್ತಾರೆ. ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಶಿವಮೊಗ್ಗದ ಹಿರಿಯರೊಬ್ಬರು ನಗಲಿಲ್ಲ. ‘ಕೇಸು ಇಲ್ಲೇ ಮುಗೀತು. ಇನ್ನುಳಿದಿದ್ದೆಲ್ಲ ಬರೀ ಓಡಾಟ’ ಎಂದರು.

ಅವರ ಮಾತು ಅಕ್ಷರಶಃ ನಿಜ. ಆ ಹೆಜ್ಜೆ ಗುರುತು ಹೋದ ಮೇಲೆ ಚಿತ್ರದ ಪೊಲೀಸರು ಮಾಡುವುದು ಏನು? ಊರಿನ ಬುದ್ಧಿಮಾಂದ್ಯ ಹುಡುಗನೊಬ್ಬನನ್ನು ಹಿಡಿದು ತರುತ್ತಾರೆ. ಅವನ ಬೂಟನ್ನು ಮಣ್ಣಿಗೊತ್ತಿ ತಾವೇ ಹೆಜ್ಜೆ ಗುರುತು ಸೃಷ್ಟಿಸುತ್ತಾರೆ. ನೆಲಮಾಳಿಗೆಯಲ್ಲಿ ಕೂರಿಸಿ ಹೇಳಿಕೆ ಬಾಯಿಪಾಠ ಮಾಡಿಸುತ್ತಾರೆ. ಸಾಕ್ಷ್ಯ ಕಳೆದುಕೊಂಡ ತನಿಖೆ ಮನುಷ್ಯನ ಮೈಮೇಲೆ ಸಾಕ್ಷ್ಯ ಹುಡುಕಲು ಹೊರಡುತ್ತದೆ. ಇದನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಪೊಲೀಸ್ ಚಿತ್ರ ನಾನು ನೋಡಿಲ್ಲ.

ಈಗ ಚಿತ್ರಕ್ಕೆ ಆಧಾರವಾದ ನಿಜ ಸಂಗತಿಗೆ ಬರೋಣ. ಹ್ವಾಸಾಂಗ್ ಎಂಬ ಪ್ರದೇಶದಲ್ಲಿ 1986ರ ಸೆಪ್ಟೆಂಬರ್‌ನಿಂದ 1991ರ ಏಪ್ರಿಲ್‌ವರೆಗೆ ಹತ್ತು ಮಂದಿ ಹೆಣ್ಣುಮಕ್ಕಳ ಕೊಲೆಯಾಯಿತು. ತನಿಖೆಗೆ ಹಾಕಿದ ಪೊಲೀಸರ ದುಡಿಮೆಯ ದಿನಗಳನ್ನು ಕೂಡಿದರೆ 20 ಲಕ್ಷ ಮೀರುತ್ತದೆ. 20 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಕೊಲೆಗಾರ ಸಿಗಲಿಲ್ಲ. ಆಗ ಕೊರಿಯಾದಲ್ಲಿ ಕೊಲೆಗೂ 15 ವರ್ಷದ ಕಾಲಮಿತಿ ಇತ್ತು. 2006ರ ಏಪ್ರಿಲ್‌ಗೆ ಕೊನೆಯ ಕೊಲೆಯ ಗಡುವೂ ಮುಗಿಯಿತು. ಇನ್ನು ಸಿಕ್ಕರೂ ಶಿಕ್ಷೆ ಕೊಡುವಂತಿಲ್ಲ ಎಂಬ ಸ್ಥಿತಿ. ಆ ನೋವಿನಲ್ಲಿ, ಇಂಥದ್ದೇ ಬೇರೆ ಪ್ರಕರಣಗಳ ಕಾವಿನಲ್ಲಿ, 2015ರಲ್ಲಿ ಕೊರಿಯಾ ಕೊಲೆಗಿದ್ದ ಕಾಲಮಿತಿಯನ್ನೇ ತೆಗೆದುಹಾಕಿತು. ಹಳೆಯ ಹ್ವಾಸಾಂಗ್‌ಗೆ ಅದು ಅನ್ವಯಿಸಲಿಲ್ಲ.

2019ರಲ್ಲಿ ಪೊಲೀಸರು ಕೋಣೆಯಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಬಟ್ಟೆಬರೆಗಳನ್ನು ಮತ್ತೆ ಪ್ರಯೋಗಾಲಯಕ್ಕೆ ಕಳಿಸಿದರು. ಮೂವತ್ತು ವರ್ಷ ಹಿಂದಿನ ಬಟ್ಟೆಯ ಮೇಲಿನ ಡಿಎನ್‌ಎ ಒಬ್ಬ ಕೈದಿಯದಕ್ಕೆ ಹೊಂದಿತು. ಹೆಸರು ಲೀ ಚುನ್ ಜೇ. ಹೆಂಡತಿಯ ತಂಗಿಯನ್ನು ಕೊಂದು 1994ರಿಂದ ಜೈಲಿನಲ್ಲೇ ಇದ್ದವನು, ಜೀವಾವಧಿ ಶಿಕ್ಷೆ. 2010ರ ಕಾಯ್ದೆಯಿಂದಾಗಿ ಕೈದಿಗಳ ಡಿಎನ್‌ಎ ಸಂಗ್ರಹ ಶುರುವಾಗಿದ್ದರಿಂದ ಅವನದ್ದು ದಾಖಲೆಯಲ್ಲಿತ್ತು. ಹ್ವಾಸಾಂಗ್‌ನ ಹತ್ತೂ ಕೊಲೆ ತನ್ನದೇ, ಇನ್ನೂ ನಾಲ್ಕು ಇವೆ ಎಂದು ಅವನು ಒಪ್ಪಿಕೊಂಡ. ಅಂದಿನ ತನಿಖೆಯಲ್ಲೇ ಅವನನ್ನು ಕರೆಸಿ ಕೇಳಿದ್ದರು, ಬಿಟ್ಟಿದ್ದರು. ಹಂತಕನ ರಕ್ತದ ಗುಂಪು ಬಿ ಎಂದು ಪೊಲೀಸರು ನಂಬಿದ್ದರು. ಇವನದ್ದು ಓ.

ಚಿತ್ರದ ಕೊನೆಯ ದೃಶ್ಯ ನೋಡಿದವರು ಮರೆಯಲಾರರು. ವರ್ಷಗಳ ನಂತರ ಪೊಲೀಸ್ ಕೆಲಸ ಬಿಟ್ಟ ಪಾರ್ಕ್ ಅದೇ ಮೋರಿಯ ಬಳಿ ಬಂದು ಬಗ್ಗಿ ನೋಡುತ್ತಾನೆ. ಅಲ್ಲೇ ಹೋಗುತ್ತಿದ್ದ ಶಾಲೆಯ ಹುಡುಗಿ, ಸ್ವಲ್ಪ ದಿನದ ಹಿಂದೆ ಇನ್ನೊಬ್ಬನೂ ಹೀಗೇ ನೋಡಿದ, ಹಿಂದೆ ಇಲ್ಲಿ ತಾನು ಮಾಡಿದ್ದೇನೋ ನೆನಪಾಯಿತು ಎಂದ ಎನ್ನುತ್ತಾಳೆ. ಹೇಗಿದ್ದ ಎಂದು ಕೇಳಿದರೆ, ಎಲ್ಲರ ಹಾಗೇ ಇದ್ದ ಎಂಬುದಷ್ಟೇ ಅವಳ ಉತ್ತರ. ಪಾರ್ಕ್ ಪಾತ್ರದ ಸಾಂಗ್ ಕಾಂಗ್ ಹೋ ಆಗ ನೇರವಾಗಿ ಕ್ಯಾಮೆರಾ ಕಡೆ, ಅಂದರೆ ನಮ್ಮ ಕಡೆ, ನೋಡುತ್ತಾರೆ. ಕೊಲೆಗಾರ ಎಂದಾದರೂ ಚಿತ್ರಮಂದಿರಕ್ಕೆ ಬಂದರೆ ಅವನ ಕಣ್ಣಿಗೆ ಕಣ್ಣು ಸೇರಲಿ ಎಂಬ ಉದ್ದೇಶದಿಂದ ಹಾಗೆ ತೆಗೆದದ್ದಾಗಿ ಬಾಂಗ್ ಹೇಳಿದ್ದಾರೆ. ಲೀ ಚುನ್ ಜೇ ಜೈಲಿನಲ್ಲಿ ಆ ಚಿತ್ರ ನೋಡಿದ್ದ. 2020ರ ನವೆಂಬರ್‌ನಲ್ಲಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ, ಏನೂ ಅನ್ನಿಸಲಿಲ್ಲ ಎಂದ.

ಈ ಸುದ್ದಿ ತಿಳಿದ ಮೇಲೆ ಚಿತ್ರ ನೋಡುವ ಹುಡುಗರು ‘ಅಂತೂ ಸಿಕ್ಕಿಬಿದ್ನಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅಲ್ಲಲ್ಲ. ಅವನು ಆ ದಿನ ಸಾಕ್ಷಿ ಹೇಳಲು ಬಂದದ್ದು ಯಾರ ವಿಚಾರಣೆಗೆ ಎಂಬುದನ್ನು ಕೇಳಬೇಕು.

ಹತ್ತು ಕೊಲೆಗಳಲ್ಲಿ ಎಂಟನೆಯದು 1988ರಲ್ಲಿ ನಡೆಯಿತು. ಸತ್ತದ್ದು ಪುಟ್ಟ ಹುಡುಗಿ, ಮನೆಯೊಳಗೇ. ಅದೊಂದನ್ನು ಪೊಲೀಸರು ಬೇರೆಯವರು ನಕಲು ಮಾಡಿದ ಕೊಲೆ ಎಂದು ತೀರ್ಮಾನಿಸಿ, ಮರುವರ್ಷ ಒಬ್ಬ ಯುವಕನನ್ನು ಬಂಧಿಸಿದರು. ಬೇಸಾಯದ ಯಂತ್ರ ರಿಪೇರಿ ಮಾಡುವ ಅಂಗಡಿಯ ಕೆಲಸಗಾರ. ಪೋಲಿಯೊದಿಂದ ಕಾಲು ಊನ. ನಿದ್ದೆ ಮಾಡಗೊಡದೆ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಸ್ಥಳದಲ್ಲಿ ಸಿಕ್ಕ ಕೂದಲು ಇವನದ್ದೇ ಎಂಬ ಪ್ರಯೋಗಾಲಯದ ವರದಿಯೂ ಜೊತೆಗಿತ್ತು. ಜೀವಾವಧಿ ಶಿಕ್ಷೆಯಾಯಿತು. ಇಪ್ಪತ್ತು ವರ್ಷ ಒಳಗಿದ್ದು 2009ರಲ್ಲಿ ಪೆರೋಲ್ ಮೇಲೆ ಹೊರಬಂದ. ಲೀ ಚುನ್ ಜೇ ಎಂಟನೆಯ ಕೊಲೆಯೂ ತನ್ನದೇ ಎಂದಾಗ ಮರುವಿಚಾರಣೆ ನಡೆಯಿತು. ಹಳೆಯ ತಪ್ಪೊಪ್ಪಿಗೆಯೂ ಕೂದಲ ವರದಿಯೂ ನಂಬಲು ಅರ್ಹವಲ್ಲ ಎಂದ ನ್ಯಾಯಾಲಯ 2020ರ ಡಿಸೆಂಬರ್ 17ರಂದು ಆ ಕೆಲಸಗಾರನನ್ನು ನಿರ್ದೋಷಿ ಎಂದಿತು. ಅವನಿಗೆ ಆಗ ಐವತ್ತು ದಾಟಿತ್ತು.

ಬಾಂಗ್ ಚಿತ್ರ ತೆಗೆಯುವಾಗ ಆ ಮನುಷ್ಯ ಜೈಲಿನಲ್ಲೇ ಇದ್ದ. ಪ್ರೇಕ್ಷಕರು ಹದಿನಾರು ವರ್ಷ ‘ಕೊಲೆಗಾರ ಯಾರು’ ಎಂದು ತಲೆ ಕೆಡಿಸಿಕೊಂಡಿದ್ದಾಗ, ಒಂದು ಕೊಲೆಗೆ ಉತ್ತರ ಸಿಕ್ಕಿಬಿಟ್ಟಿದೆ ಎಂದು ಎಲ್ಲರೂ ನಂಬಿದ್ದರು. ಆ ಉತ್ತರವೇ ಸುಳ್ಳಾಗಿತ್ತು.

ಈಗ ‘ಇನ್ನು ನಾಲ್ಕು ಬಾರಿಸಿದ್ರೆ’ ಎಂಬ ಮಾತಿಗೆ ಬರುತ್ತೇನೆ. ಚಿತ್ರದ ಕೊನೆಯ ಭಾಗದಲ್ಲಿ, ಸುರಿಯುವ ಮಳೆಯಲ್ಲಿ, ರೈಲು ಸುರಂಗದ ಬಾಯಲ್ಲಿ, ದಾಖಲೆಯ ಮೇಲೆ ನಂಬಿಕೆಯಿಟ್ಟ ಸಿಯೋ ಆ ಬಿಳಿಚಿದ ಯುವಕನನ್ನು ಒದೆಯುತ್ತ ಪಿಸ್ತೂಲು ಹಿಡಿದು ನಿಲ್ಲುತ್ತಾನೆ. ಅಮೆರಿಕದಿಂದ ಡಿಎನ್‌ಎ ವರದಿ ಬರುತ್ತದೆ. ಹೊಂದಿಕೆಯಿಲ್ಲ ಎಂದಿದೆ. ಸಿಯೋ ಅದನ್ನು ನಂಬಲು ಸಿದ್ಧನಿಲ್ಲ. ಆ ಹೊತ್ತಿಗೆ ನೋಡುವವರಲ್ಲಿ ಹೆಚ್ಚಿನವರು ಗುಂಡು ಹಾರಲಿ ಎಂದೇ ಕಾಯುತ್ತಿರುತ್ತಾರೆ. ನಾನೂ ಮೊದಲ ಸಲ ಕಾದಿದ್ದೆ. ಬಾಂಗ್ ನಮ್ಮನ್ನು ತನಿಖಾಧಿಕಾರಿಯ ಪಕ್ಕ ನಿಲ್ಲಿಸಿ ಈ ಆಸೆಯನ್ನು ನಮ್ಮೊಳಗಿಂದಲೇ ಎಬ್ಬಿಸುತ್ತಾರೆ. ಆ ಪಾತ್ರ ನಿರ್ದೋಷಿ ಎಂದು ಚಿತ್ರ ಸಾರುವುದಿಲ್ಲ. ಅಪರಾಧಿ ಎಂದೂ ಹೇಳುವುದಿಲ್ಲ. ಗೊತ್ತಿಲ್ಲ ಎನ್ನುತ್ತದೆ ಅಷ್ಟೆ. ಯಂತ್ರದಂಗಡಿಯ ಯುವಕನಿಗೆ ಅಂದು ಬೇಕಾಗಿದ್ದದ್ದು, ‘ಗೊತ್ತಿಲ್ಲ’ ಎನ್ನುವ ಧೈರ್ಯವಿದ್ದ ಒಬ್ಬ ಅಧಿಕಾರಿ.

ನಮ್ಮ ಸಿನಿಮಾಗಳು ಈ ಕಡೆ ಹೊರಳಿದ್ದೂ ಇದೆ. 2019ರಲ್ಲಿ ಎರಡು ಕನ್ನಡ ಚಿತ್ರಗಳು ಬಂದವು. ಹೇಮಂತ್ ರಾವ್ ಅವರ ‘ಕವಲುದಾರಿ’ಯಲ್ಲಿ ಸಂಚಾರಿ ಪೊಲೀಸನೊಬ್ಬ ನೆಲ ಅಗೆಯುವಾಗ ಸಿಕ್ಕ ಮೂಳೆಗಳ ಹಿಂದೆ ಬಿದ್ದು ದಶಕಗಳ ಹಳೆಯ ಪ್ರಕರಣ ಕೆದಕುತ್ತಾನೆ. ಅನಂತ್ ನಾಗ್ ಅವರದು ನಿವೃತ್ತ ಅಧಿಕಾರಿಯ ಪಾತ್ರ. ಚೆಂದದ ಚಿತ್ರ, ಆದರೆ ಅಲ್ಲಿ ಉತ್ತರ ಸಿಗುತ್ತದೆ, ಪ್ರೇಕ್ಷಕ ಹಗುರಾಗಿ ಎದ್ದು ಬರುತ್ತಾನೆ. ಎಂ.ಜಿ. ಶ್ರೀನಿವಾಸ್ ಅವರ ‘ಬೀರಬಲ್’ನಲ್ಲಿ ವಕೀಲನೊಬ್ಬ ಮಾಡದ ಕೊಲೆಗೆ ಶಿಕ್ಷೆ ಅನುಭವಿಸಿದ ಯುವಕನ ಪ್ರಕರಣ ಮತ್ತೆ ತೆರೆಸುತ್ತಾನೆ. ಆ ಕಥೆಯ ಬೇರು ಕೊರಿಯಾದ ‘ನ್ಯೂ ಟ್ರಯಲ್’ ಎಂಬ 2017ರ ಚಿತ್ರದಲ್ಲಿದೆ. ಅದಕ್ಕೆ ಆಧಾರ, ಟ್ಯಾಕ್ಸಿ ಚಾಲಕನೊಬ್ಬನ ಕೊಲೆಯಲ್ಲಿ ಹದಿಹರೆಯದ ಹುಡುಗನೊಬ್ಬ ತಪ್ಪಾಗಿ ಶಿಕ್ಷೆಗೊಳಗಾದ ನಿಜ ಘಟನೆ. ಆ ಹುಡುಗನ ಪರ ಮರುವಿಚಾರಣೆ ನಡೆಸಿದ ವಕೀಲ ಪಾರ್ಕ್ ಜೂನ್ ಯಂಗ್ ಅವರೇ ಮುಂದೆ ಹ್ವಾಸಾಂಗ್‌ನ ನಿರ್ದೋಷಿಯ ಪರವೂ ವಾದಿಸಿದರು. ಈ ಕೊಂಡಿ ತಿಳಿದಾಗ ‘ಬೀರಬಲ್’ ಅನ್ನು ಬರೀ ಥ್ರಿಲ್ಲರ್ ಎಂದು ನೋಡಿ ಮರೆತವರಿಗೆ ಮತ್ತೊಮ್ಮೆ ನೋಡಿ ಎನ್ನಬೇಕೆನಿಸಿತು.

ಕೊರಿಯಾದ ಕಥೆ ಸಾಕು, ನಮ್ಮಲ್ಲಿ ಏನು ಎಂದು ಕೇಳುವವರಿಗೆ ದೂರ ಹೋಗಬೇಕಿಲ್ಲ. ಆಗುಂಬೆ ಘಾಟಿ ಇಳಿದು ಕರಾವಳಿಗೆ ಹೋದರೆ ಸಾಕು. 2012ರ ಅಕ್ಟೋಬರ್‌ನಲ್ಲಿ ಉಜಿರೆಯ ಕಾಲೇಜಿನಿಂದ ಮನೆಗೆ ಹೊರಟ ವಿದ್ಯಾರ್ಥಿನಿ ಮನೆ ಮುಟ್ಟಲಿಲ್ಲ. ಮರುದಿನ ಅವಳ ಶವ ಸಿಕ್ಕಿತು. ಒಬ್ಬನನ್ನು ಬೇಗನೆ ಬಂಧಿಸಿದರು. ತನಿಖೆ ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ಹೋಯಿತು. 2023ರ ಜೂನ್ 16ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆ ಆರೋಪಿಯನ್ನು ಖುಲಾಸೆ ಮಾಡಿತು. ಹನ್ನೊಂದು ವರ್ಷಗಳ ನಂತರ ಕುಟುಂಬದ ಕೈಯಲ್ಲಿ ಉಳಿದದ್ದು ಮೊದಲ ದಿನದ ಅದೇ ಪ್ರಶ್ನೆ. ಊರೂರಲ್ಲಿ ಮೆರವಣಿಗೆಗಳಾದವು. ಆ ಹೆಣ್ಣುಮಗುವಿಗೆ ನ್ಯಾಯ ಸಿಗಬೇಕು ಎಂಬ ಕೂಗಿಗೆ ನನ್ನದೂ ದನಿಯಿದೆ. ಆದರೆ ಆ ಗದ್ದಲದಲ್ಲಿ ಅವರಿವರ ಹೆಸರು ಹಿಡಿದು, ಫೋಟೊ ಹಾಕಿ, ಇವನೇ ಎಂದು ತೀರ್ಪು ಬರೆದ ವಾಟ್ಸ್ಆ್ಯಪ್ ಸಂದೇಶಗಳನ್ನು ನಮ್ಮ ಮನೆಗಳಲ್ಲೂ ಓದಿದ್ದೇವೆ, ಮುಂದೆ ಕಳಿಸಿದ್ದೇವೆ. ಅದು ನ್ಯಾಯದ ದಾರಿಯಲ್ಲ. ಯಾರಾದರೂ ಸರಿ, ಸಿಗಲಿ ಎಂಬ ಸುರಂಗದ ಬಾಯಿಯ ಮನಸ್ಥಿತಿ ಅದು.

ಭರವಸೆ ಕೊಡುವ ಉದಾಹರಣೆಯೂ ಇದೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷವಾದರೂ ತನಿಖೆ ಮುಂದೆ ಸಾಗಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ನಮ್ಮ ಶಿವಮೊಗ್ಗದ ಕೊನಗವಳ್ಳಿಯ ಲಂಕೇಶರ ಮಗಳು. ಸ್ಥಳದಲ್ಲಿ ಸಿಕ್ಕ ಗುಂಡುಗಳನ್ನೂ ಖಾಲಿ ಕಾಡತೂಸುಗಳನ್ನೂ ಪ್ರಯೋಗಾಲಯದಲ್ಲಿ ಧಾರವಾಡದವುಗಳ ಪಕ್ಕ ಇಟ್ಟು ನೋಡಿದರು. 7.65 ಎಂಎಂನ ಒಂದೇ ನಾಡ ಪಿಸ್ತೂಲಿನಿಂದ ಹಾರಿದವು ಎಂದು ವರದಿ ಬಂತು. ನಿಂತುಹೋದಂತಿದ್ದ ಕಲಬುರ್ಗಿ ಪ್ರಕರಣಕ್ಕೆ ಜೀವ ಬಂದದ್ದು ಹಾಗೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಗೌರಿ ಪ್ರಕರಣದ ಎಸ್‌ಐಟಿಗೇ ಒಪ್ಪಿಸಿತು, ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. ತಪ್ಪಿತಸ್ಥರು ಯಾರೆಂದು ಹೇಳಬೇಕಾದ್ದು ನ್ಯಾಯಾಲಯ. ಅಲ್ಲಿಯವರೆಗೆ ಪ್ರಕರಣವನ್ನು ತಂದು ಮುಟ್ಟಿಸಿದ್ದು ಎರಡು ವರ್ಷ ಕಳೆಯದೆ ಉಳಿದ, ಕೈಬೆರಳಿನ ಉಗುರಿನಷ್ಟು ಲೋಹದ ಚೂರು. ಹ್ವಾಸಾಂಗ್‌ನ ಬಟ್ಟೆಯ ಹಾಗೆಯೇ.

ಪತ್ತೆಯಾಗದ ಪ್ರಕರಣ ನಮ್ಮಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಹಲವರು ಕೇಳಿದರು. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಕರ್ನಾಟಕದ ಠಾಣೆಗಳಲ್ಲಿ ಎರಡು ಮಾತು ಕೇಳುತ್ತೀರಿ: ಬಿ ರಿಪೋರ್ಟ್, ಸಿ ರಿಪೋರ್ಟ್. ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟದ್ದು ಎಂದಾದರೆ ಬಿ. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಎಂದಾದರೆ ಸಿ. ಸಿ ರಿಪೋರ್ಟ್ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಅದನ್ನು ಒಪ್ಪಿ ಪ್ರಕರಣ ಮುಗಿಸುವ ಮೊದಲು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಭಗವಂತ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಒಪ್ಪದಿದ್ದರೆ ದೂರುದಾರರು ತಕರಾರು ಅರ್ಜಿ ಹಾಕಬಹುದು. ಇನ್ನಷ್ಟು ತನಿಖೆ ಮಾಡಿ ಎಂದು ಮ್ಯಾಜಿಸ್ಟ್ರೇಟರು ಪೊಲೀಸರಿಗೆ ಆದೇಶಿಸಬಹುದು. ಅಲ್ಲಿಗೂ ಬಾಗಿಲು ಮುಚ್ಚುವುದಿಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಎಷ್ಟು ವರ್ಷದ ನಂತರವೂ ಮುಂದುವರಿದ ತನಿಖೆ ನಡೆಸಬಹುದು. ಕೊರಿಯಾ 2015ರಲ್ಲಿ ತಿದ್ದಿಕೊಂಡದ್ದು ನಮ್ಮಲ್ಲಿ ಮೊದಲಿನಿಂದಲೂ ಇದೆ, ಕೊಲೆಗೆ ಕಾಲಮಿತಿ ಇಲ್ಲ.

ಕಾನೂನಿನಲ್ಲಿರುವುದು ಬೇರೆ, ಪೆಟ್ಟಿಗೆಯಲ್ಲಿರುವುದು ಬೇರೆ. ಇಪ್ಪತ್ತು ವರ್ಷದ ನಂತರ ಕಡತ ತೆರೆದಾಗ ಒಳಗೆ ಬಟ್ಟೆ, ಕೂದಲು, ಖಾಲಿ ಕಾಡತೂಸು ಸರಿಯಾಗಿ ಮುಚ್ಚಿ ಮೊಹರಾಗಿ ಇದ್ದರೆ ಮಾತ್ರ ಆ ಬಾಗಿಲಿಗೆ ಅರ್ಥ. ರಕ್ತದ ಕಲೆಯ ಬಟ್ಟೆಯನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಮಲೆನಾಡಿನ ಮಳೆಗಾಲದ ತೇವದಲ್ಲಿ ಇದು ಇನ್ನೂ ಮುಖ್ಯ. ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತು ಎಂಬುದು ಕಾಗದದಲ್ಲಿ ಬರೆದಿರಬೇಕು. ಒಂದು ಕೊಂಡಿ ತಪ್ಪಿದರೆ ಪ್ರತಿವಾದಿ ವಕೀಲರು ಅಲ್ಲೇ ಹಿಡಿಯುತ್ತಾರೆ, ಹಿಡಿಯಬೇಕು ಕೂಡ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಸಾಕ್ಷ್ಯ ಸಂಗ್ರಹದ ವಿಡಿಯೊ ಆಗಬೇಕು ಎನ್ನುತ್ತದೆ. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗಕ್ಕೇ ಬಂದಿರುವಾಗ ಇಲ್ಲಿಯ ಠಾಣೆಗಳ ಸಿಬ್ಬಂದಿಗೆ ಈ ಕೆಲಸದ ತರಬೇತಿ ನಿರಂತರವಾಗಿ ಸಿಗುವಂತಾಗಬೇಕು ಎಂಬುದು ನನ್ನ ಒತ್ತಾಯ.

ಬಡಿದರೆ ಬಾಯಿ ಬಿಡುತ್ತಾನೆ ಎನ್ನುವವರಿಗೂ ಒಂದು ಮಾತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಮಾನ್ಯವಾಗಿ ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗುವುದಿಲ್ಲ, ಬ್ರಿಟಿಷರ ಕಾಲದಿಂದಲೂ ಇದೇ ನಿಯಮ. ಒಂದು ಕಾಲದಲ್ಲಿ ಟೀವಿಯಲ್ಲಿ ಭಾರೀ ಸದ್ದು ಮಾಡಿದ್ದ ಬೆಂಗಳೂರಿನ ಮಂಪರು ಪರೀಕ್ಷೆಗಳನ್ನು ನೆನಪು ಮಾಡಿಕೊಳ್ಳಿ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಅಂಥ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಈ ನಿಯಮಗಳು ಅಪರಾಧಿಗಳನ್ನು ಕಾಪಾಡಲು ಇವೆ ಎಂದು ಬೇಸರಪಡುವವರು ಯಂತ್ರದಂಗಡಿಯ ಆ ಕುಂಟ ಯುವಕನನ್ನು ಒಮ್ಮೆ ನೆನೆಯಬೇಕು. ಅವನು ಒಳಗಿದ್ದ ಮೊದಲ ವರ್ಷಗಳಲ್ಲಿ ನಿಜವಾದ ಕೊಲೆಗಾರ ಹೊರಗಿದ್ದ, ಮತ್ತೆ ಕೊಲ್ಲುತ್ತಿದ್ದ. ಎಂಟನೆಯದಕ್ಕೆ ತಪ್ಪು ಮನುಷ್ಯನನ್ನು ಹಿಡಿದು ಕಡತ ಮುಚ್ಚಿದ ಮೇಲೆ ಒಂಬತ್ತನೆಯದು, ಹತ್ತನೆಯದು ನಡೆದವು.

ಹ್ವಾಸಾಂಗ್‌ನ ಜನ ಇನ್ನೊಂದು ಕೆಲಸ ಮಾಡಿದರು, ಅದು ನನಗೆ ಬಹಳ ಹಿಡಿಸಿತು. ಮೂವತ್ತು ವರ್ಷ ಅವರ ಊರಿನ ಹೆಸರು ಹೇಳಿದರೆ ಕೊಲೆಯೇ ನೆನಪಾಗುತ್ತಿತ್ತು. ಅಪರಾಧಿ ಸಿಕ್ಕ ಮೇಲೆ, ಇದು ನಮ್ಮೂರ ಪ್ರಕರಣವಲ್ಲ, ಅವನ ಪ್ರಕರಣ, ಹೆಸರು ಬದಲಿಸಿ ಎಂದು ಕೇಳಿದರು. 2019ರ ಡಿಸೆಂಬರ್‌ನಲ್ಲಿ ಪೊಲೀಸರು ಅಧಿಕೃತವಾಗಿ ‘ಲೀ ಚುನ್ ಜೇ ಸರಣಿ ಕೊಲೆ ಪ್ರಕರಣ’ ಎಂದು ಬದಲಿಸಿದರು. ಒಂದು ಚೂರಿ ಇರಿತವಾದರೆ ಇಡೀ ಭದ್ರಾವತಿಯನ್ನೇ ಕೆಟ್ಟೂರು ಎನ್ನುವ, ಒಂದು ಗಲಾಟೆಗೆ ಶಿವಮೊಗ್ಗದ ಹೆಸರನ್ನೇ ತಲೆಬರಹ ಮಾಡುವ ನಮ್ಮ ಸುದ್ದಿಮನೆಗಳು ಇದನ್ನು ಗಮನಿಸಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಬೀದಿಯಲ್ಲಿ ಕೊಲೆಯಂಥದ್ದೇನಾದರೂ ನಡೆದರೆ ನೋಡಲು ಮುನ್ನುಗ್ಗಬೇಡಿ, ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ, ಏನನ್ನೂ ಮುಟ್ಟಬೇಡಿ. 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಬೇರೆಯವರನ್ನೂ ದೂರ ನಿಲ್ಲಿಸಿ. ಶಂಕಿತನ ಫೋಟೊ ಬಂದರೆ ಮುಂದೆ ಕಳಿಸಬೇಡಿ. ನಿಮ್ಮದೇ ಮನೆಯ ಪ್ರಕರಣವಾಗಿದ್ದರೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೇಳಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ಸಿ ರಿಪೋರ್ಟ್‌ನ ನೋಟಿಸ್ ಬಂದರೆ ಮಡಚಿ ಇಡಬೇಡಿ, ವಕೀಲರನ್ನು ಕಂಡು ನಿಗದಿಯಾದ ದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಲೆಕ್ಕ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.